ತೇರಿನ ಪಕ್ಕ ಚಿಗರಿ ಬಸ್ಸು

ಧಾರವಾಡದಲ್ಲಿ ಕಸೂತಿ ಹಾಕುವವರಿಗೆ ಚಿತ್ರಗಳ ಬರ ಇಲ್ಲ. ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆ, ನವಿಲು, ತೊಟ್ಟಿಲು ಎಲ್ಲವನ್ನೂ ಹಿರಿಯರು ಎಣಿಸಿ ಇಟ್ಟು ಹೋಗಿದ್ದಾರೆ. ಅವನ್ನು ನೋಡಿ ಹಾಕಲು ನನಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಶುರುವಾದದ್ದು ನನ್ನದೇ ಒಂದು ಚಿತ್ರ ಹಾಕಬೇಕು ಅನಿಸಿದಾಗ. ಅದೂ ಎಂಥದ್ದು? ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವ ಚಿಗರಿ ಬಸ್ಸು! ಸೀರೆ ಸೆರಗಿನ ಮೇಲೆ ಬಸ್ಸು ಅಂದರೆ ಯಾರಾದರೂ ನಗುತ್ತಾರೆ, ಅಲ್ವಾ?

ಬಹಳ ದಿನ ಸುಮ್ನೆ ಮುಂದೂಡಿದೆ. ಆಮೇಲೆ, ನಾನು ಹೆದರುವುದು ಯಾವುದಕ್ಕೆ ಅಂತ ಬರೆದು ನೋಡಿಕೊಂಡೆ. ಜನರ ಮಾತಿಗಿಂತ ಜಾಸ್ತಿ ಭಯ ಇದ್ದದ್ದು ದಾರ ಹೋಗುವ ದಾರಿಯ ಬಗ್ಗೆ.

ಕಸೂತಿಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿ ಅನ್ನುವ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ತೇರಿಗೆ ಈ ದಾರಿಯನ್ನು ಯಾರೋ ಎಂದೋ ಹುಡುಕಿದ್ದಾರೆ. ನನ್ನ ಬಸ್ಸಿಗೆ ನಾನೇ ಹುಡುಕಬೇಕು. ನಡುವೆ ಸಿಕ್ಕಿಕೊಂಡು ಬಿಚ್ಚಿದರೆ ರೇಷ್ಮೆಯಲ್ಲಿ ಸೂಜಿಯ ತೂತು ಉಳಿಯುತ್ತದೆ. "ಸ್ವಂತದ್ದು ಮಾಡುವಷ್ಟು ನಾನು ಜಾಣೆ ಅಲ್ಲ" ಅಂದುಕೊಳ್ಳುತ್ತಿದ್ದೆನಲ್ಲ, ಅದರ ಬುಡದಲ್ಲಿ ಇದ್ದದ್ದು ಈ ತೂತಿನ ಭಯ.

ಅದಕ್ಕೆ ಧೈರ್ಯಕ್ಕಿಂತ ಗ್ರಾಫ್ ಹಾಳೆ ಉಪಯೋಗಕ್ಕೆ ಬಂತು. ಹೋಗುವ ದಾರಿಗೆ ಕೆಂಪು ಬಾಣ, ಬರುವ ದಾರಿಗೆ ನೀಲಿ ಬಾಣ ಹಾಕಿದೆ. ಕವಲು ಬಂದರೆ ಅದರ ತುದಿ ಮುಟ್ಟಿ, ವಾಪಸ್ ಕವಲಿಗೇ ಬಂದು, ಆಮೇಲೆ ಮುಂದೆ ಹೋಗಬೇಕು. ಇಷ್ಟು ಪಾಲಿಸಿದರೆ ಸಿಕ್ಕಿಕೊಳ್ಳುವುದಿಲ್ಲ. ಕಿಟಕಿಗಳು ಸುಲಭ, ಚೌಕ ತಾನೇ. ಗಾಲಿ ಕಾಡಿತು. ಗವಂತಿಯಲ್ಲಿ ದುಂಡು ಬರುವುದಿಲ್ಲ, ಅಡ್ಡ, ಉದ್ದ, ಓರೆ ಅಷ್ಟೇ. ಕೊನೆಗೆ ಎಂಟು ಮೂಲೆಯ ಗಾಲಿ ಮಾಡಿದೆ. ಮೊದಲು ಮ್ಯಾಟಿ ಬಟ್ಟೆಯ ತುಂಡಿನ ಮೇಲೆ ಹಾಕಿದೆ. ಅದು ಬಿಡಿ ನೇಯ್ಗೆಯ ಬಟ್ಟೆ, ಎಳೆಗಳ ನಡುವಿನ ತೂತು ಚೆನ್ನಾಗಿ ಕಾಣುತ್ತದೆ, ಬಿಚ್ಚಿದರೂ ನಷ್ಟ ಇಲ್ಲ. ಮುಗಿಸಿ ತಿರುವಿದರೆ ಒಂದು ಮಜಾ: ಮುಂದಿನ ಬದಿಯಲ್ಲಿ ಹುಬ್ಬಳ್ಳಿಗೆ ಹೊರಟ ಬಸ್ಸು, ಹಿಂದಿನ ಬದಿಯಲ್ಲಿ ಧಾರವಾಡಕ್ಕೆ!

ಜನರ ಭಯ ಮಾತ್ರ ಇನ್ನೂ ಇತ್ತು. ತೇರು, ತೊಟ್ಟಿಲು ಹಾಕಿದ ಹೆಂಗಸರೂ ಕಣ್ಣೆದುರು ಇದ್ದದ್ದನ್ನೇ ಹಾಕಿದರು ಅಂತ ನನಗೆ ನಾನೇ ಹೇಳಿಕೊಂಡೆ. ಮಾತು ಸರಿಯೇ. ಆದರೆ ಎದೆಯ ಢವಢವ ನಿಲ್ಲಲಿಲ್ಲ.

ವಾಟ್ಸಾಪ್ ಗುಂಪಿಗೆ ಫೋಟೊ ಹಾಕದೆ, ಕೈಯಲ್ಲಿ ಸೂಜಿ ಹಿಡಿದು ಬೆಳೆದ ದೊಡ್ಡವ್ವನಿಗೆ ತೋರಿಸಿದೆ. "ಚಲೋ ಆಗೇತೇನು?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಹೊಗಳಿಕೆ ಸಿಗುತ್ತದೆ, ಇಲ್ಲಾ ಮುಖ ಬಾಡುತ್ತದೆ. ಕೆಲಸಕ್ಕೆ ಎರಡೂ ಬಾರವು. "ದೊಡ್ಡವ್ವಾ, ತಿರುವಿ ನೋಡು, ಎಲ್ಲೆರೆ ದಾರ ಜಗ್ಗೇತೇನು?" ಅಂದೆ. ಆಕೆ ಕನ್ನಡಕ ಏರಿಸಿ ನೋಡಿದಳು. "ಮುಂದಿನ ಗಾಲಿ ಹತ್ರ ಜಗ್ಗೇತಿ ನೋಡವಾ. ಮತ್ತ ಡ್ರೈವರ್ ಎಲ್ಲಿ ಅದಾನ?" ಬಸ್ಸು ಯಾಕೆ ಅಂತ ಕೇಳಲೇ ಇಲ್ಲ. ನಾಲ್ಕು ಓರೆ ಹೊಲಿಗೆಯಲ್ಲಿ ಡ್ರೈವರನ ತಲೆ ಬಂತು.

ಮುಂದೆ "ಇದೆಂಥ ಕಸೂತಿ" ಅಂದವರೂ ಸಿಕ್ಕರು. ಬೇಜಾರಾಯಿತು. ಆದರೆ ಅಷ್ಟರಲ್ಲಿ ಇಳಕಲ್ ಸೆರಗಿನಲ್ಲಿ ತೇರಿನ ಪಕ್ಕ ಬಸ್ಸು ನಿಂತಾಗಿತ್ತು.

ಈಗ ಕರಿ ರೇಷ್ಮೆಯ ಚಂದ್ರಕಾಳಿ ಸೀರೆ ಹಿಡಿದಿದ್ದೇನೆ. ಅದರಲ್ಲಿ ಎಳೆ ಕಾಣುವುದಿಲ್ಲ. ಮೇಲೆ ಮ್ಯಾಟಿ ಇಟ್ಟು ಹೊಲಿದು, ಆಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಜಗ್ಗಿ ತೆಗೆಯಬೇಕು. ಜಗ್ಗುವಾಗ ಕೈ ಇನ್ನೂ ನಡುಗುತ್ತದೆ. ಇದಕ್ಕೆ ಗ್ರಾಫ್ ಹಾಳೆಯ ಉಪಾಯ ನಡೆಯದು. ಬೆಳಿಗ್ಗೆ ಬೆಳಕು ಚೆನ್ನಾಗಿರುವಾಗಲೇ ಕೂತು, ಸ್ವಲ್ಪ ಸ್ವಲ್ಪವೇ ತೆಗೆಯುತ್ತಿದ್ದೇನೆ.