ನಳದ ಹತ್ತಿರ, ಬಸ್ ಸ್ಟ್ಯಾಂಡಿನಲ್ಲಿ

ಗದಗ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಸುತ್ತಲಿನ ಹಳ್ಳಿಗಳ ಮಕ್ಕಳು ಏಳನೆತ್ತೆ ಮುಗಿಸಿ ಎಂಟಕ್ಕೆ ಇಲ್ಲಿಗೆ ಬರುತ್ತಾರೆ. ಒಬ್ಬರಿಗೊಬ್ಬರು ಹೊಸಬರು. ಯಾರನ್ನು ಕಾಡಿದರೆ ನಡೆಯುತ್ತದೆ ಅನ್ನೋದು ಜೂನ್, ಜುಲೈದೊಳಗೇ ತೀರ್ಮಾನವಾಗಿಬಿಡುತ್ತದೆ.

ಹಾಗೆ ಕಾಡಿಸಿಕೊಂಡ ಎಂಟನೆತ್ತೆಯ ಒಬ್ಬ ಹುಡುಗನ ಅಪ್ಪ-ಅವ್ವ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಓದುವಾಗ ಒತ್ತಕ್ಷರ ಬಂದರೆ ತಡವರಿಸುತ್ತಿದ್ದ. ಹಿಂದಿನ ಬೆಂಚಿನಿಂದ ‘ಏ ಗೋವಾ’ ಅಂತ ಕೂಗು. ಆಮೇಲೆ ಚೀಲದ ಪಟ್ಟಿ ಕಿತ್ತಿತು, ನೀರಿನ ಬಾಟ್ಲಿ ನುಜ್ಜಾಯಿತು. ಕೇಳಿದರೆ ‘ಏನಿಲ್ರಿ ಅಕ್ಕೋರ, ಬಿದ್ದೆ’ ಅಂದ.

ಸ್ಟಾಫ್ ರೂಮಿಗೆ ಕರೆಸಿದ್ದರೆ ಹೊರಗೆ ಬರುವಷ್ಟರಲ್ಲಿ ಚಾಡಿಕೋರ ಅನ್ನಿಸಿಕೊಳ್ಳುತ್ತಿದ್ದ. ಗ್ರಂಥಾಲಯದ ಪುಸ್ತಕಗಳಿಗೆ ನಂಬರ್ ಚೀಟಿ ಅಂಟಿಸಲು ಕೂರಿಸಿಕೊಂಡೆ. ಕೈಗೆ ಕೆಲಸವಿದ್ದರೆ ಮಕ್ಕಳು ಮುಖ ನೋಡದೆ ಮಾತಾಡುತ್ತಾರೆ. ಯಾರ ಹೆಸರನ್ನೂ ಕೇಳದೆ ‘ಎಲ್ಲಿ ಹೋಗಾಕ ನಿನಗ ಅಂಜಿಕಿ ಆಗತೈತಿ?’ ಅಂದೆ. ಬೆರಳಿನ ಗೋಂದು ಉಜ್ಜುತ್ತಲೇ ಹೇಳಿದ: ‘ತಾಟ ತೊಳಿಯೋ ನಳದ ಹತ್ರ ರೀ. ಮತ್ತ ಸಂಜೀಕ ಬಸ್ ಸ್ಟ್ಯಾಂಡಿನ್ಯಾಗ.’

ಎರಡೂ ಕಡೆ ಶಿಕ್ಷಕರು ಇರುತ್ತಿರಲಿಲ್ಲ. ಬಿಸಿಯೂಟದ ಹೊತ್ತಿಗೆ ನಳದ ಹತ್ತಿರ ಸರದಿ ಹಾಕಿಕೊಂಡು ನಿಂತೆವು. ಕಾಡುವವರು ಯಾರು ಅನ್ನೋದು ತಾನಾಗಿ ಕಂಡಿತು. ಅದೇ ಬಸ್ಸಿಗೆ ಹೋಗುವ ಹತ್ತನೆತ್ತೆಯ ಹುಡುಗರಿಗೆ ‘ಜಗಳ ಬ್ಯಾಡ, ಅವನ ಜೋಡಿ ಮಾತಾಡ್ಕೋತ ನಿಲ್ರಿ’ ಅಂದೆ. ನೋಡಿ ನಗುವವರು ಕಡಿಮೆಯಾದರೆ ಕಾಡುವವರ ಉಮೇದೂ ಇಳಿಯುತ್ತದೆ.

ಕಾಡಿದ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿದೆ. ಪ್ರಾರ್ಥನೆಯಲ್ಲಿ ನಿಲ್ಲಿಸಿ ತಪ್ಪೊಪ್ಪಿಸಬೇಕು ಅಂದವರಿದ್ದರು. ನಾನು ಒಪ್ಪಲಿಲ್ಲ, ಆ ಸಿಟ್ಟನ್ನು ಅವರು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಇವನ ಮೇಲೇ ತೀರಿಸಿಕೊಳ್ಳುತ್ತಾರೆ.

ಶಿಕ್ಷಕರೊಬ್ಬರು ಹಾಜರಿ ಕರೆಯುವಾಗ ಅದೇ ಅಡ್ಡಹೆಸರು ಹಿಡಿದಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತದ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಅಂತ ನೇರವಾಗಿಯೇ ಹೇಳಿದೆ. ಗುರುಗಳ ಬಾಯಲ್ಲೇ ಬಂದ ಮೇಲೆ ಹುಡುಗರನ್ನು ತಡೆಯುವುದು ಹೇಗೆ? ಅವರು ಬಿಟ್ಟರು.

ಹುಡುಗನ ತಾಯಿ ‘ಶಾಲಿ ಬಿಡಸ್ತೀನ್ರಿ’ ಅಂತ ಬಂದಿದ್ದರು. ದಿನಾ ‘ಇವತ್ತ ಹೊಡದ್ರೇನು?’ ಅಂತ ಕೇಳಬ್ಯಾಡ್ರಿ, ಊಟ, ನಿದ್ದಿ ಹೆಂಗೈತಿ ನೋಡ್ರಿ ಅಂದೆ. ನಿದ್ದೆ ಕೆಟ್ಟರೆ, ಸಾಯುವ ಮಾತಾಡಿದರೆ ತಡಮಾಡದೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಲು ಹೇಳಿದೆ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ಎರಡನ್ನೂ ಅವರ ಮೊಬೈಲಿಗೆ ಹಾಕಿಕೊಟ್ಟೆ.

ಈಗ ಒಂಬತ್ತನೆತ್ತೆಯಲ್ಲಿದ್ದಾನೆ. ಹೊಸ ಎಂಟನೆತ್ತೆಯವರಿಗಾಗಿ ನಳದ ಸರದಿ ಮುಂದುವರಿದಿದೆ. ಒತ್ತಕ್ಷರ ಅವನಿಗಿನ್ನೂ ತೊಡಕು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಓದಿಸುತ್ತೇನೆ.