ಒಂದೇ ಪೆನ್‌ಡ್ರೈವ್‌ನಲ್ಲಿ ಎಲ್ಲ ಓಎಸ್

ಚಿಕ್ಕಬಳ್ಳಾಪುರದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. "ಸಿಸ್ಟಮ್ ಫಾರ್ಮ್ಯಾಟ್ ಮಾಡ್ಕೊಡಿ ಸಾರ್" ಅಂತ ಬರುವವರೇ ಜಾಸ್ತಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿದ ಮೇಲಂತೂ ಕೇಳಲೇಬೇಡಿ. ಓಎಸ್, ಅಂದರೆ ವಿಂಡೋಸ್, ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್, ಹಾಕೋದೇನು ಕಷ್ಟವಲ್ಲ. ಅದು ಕೇಳುವ ಪ್ರಶ್ನೆಗಳಿಗೆಲ್ಲ ಒತ್ತುತ್ತಾ ಮುಂದೆ ಕೂತಿರಬೇಕಲ್ಲ, ಅದೇ ಬೇಜಾರು.

ಮೊದಲು ಒಂದೊಂದು ಓಎಸ್‌ಗೆ ಒಂದೊಂದು ಪೆನ್‌ಡ್ರೈವ್ ಇಟ್ಟಿದ್ದೆ. ಈಗ 64 ಜಿಬಿಯದು ಒಂದೇ, ಅದರಲ್ಲಿ ವೆಂಟಾಯ್ ಇದೆ, ಒಂದೇ ಪೆನ್‌ಡ್ರೈವ್‌ನಿಂದ ಹಲವು ಓಎಸ್ ಬೂಟ್ ಮಾಡಿಸುವ ತಂತ್ರಾಂಶ. ವೆಂಟಾಯ್ ಹಾಕುವಾಗ ಪೆನ್‌ಡ್ರೈವ್ ಪೂರ್ತಿ ಅಳಿಸಿಹೋಗುತ್ತದೆ. ಆಮೇಲೆ ಐಎಸ್‌ಒ ಫೈಲನ್ನು (ಓಎಸ್‌ನ ಸೆಟಪ್ ಪೂರ್ತಿ ಇರುವ ಒಂದೇ ಫೈಲ್) ಸುಮ್ನೆ ಕಾಪಿ ಮಾಡಿದರೆ ಸಾಕು, ಬೂಟ್ ಆದಾಗ ಪಟ್ಟಿ ಬರುತ್ತದೆ. ಐಎಸ್‌ಒ ಇಡುವ ಭಾಗ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಇರುವುದರಿಂದ, 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸದ ಫ್ಯಾಟ್32ರ ತಕರಾರೂ ಇಲ್ಲ. ಡೌನ್‌ಲೋಡ್ ಆದ ಐಎಸ್‌ಒದ ಎಸ್‌ಎಚ್‌ಎ256 ಸಂಖ್ಯೆ (ಫೈಲ್ ಪೂರ್ತಿ ಸರಿಯಾಗಿ ಬಂದಿದೆಯೇ ಎಂದು ತಿಳಿಸುವ ಗುರುತು) ತಾಳೆ ನೋಡದೆ ನಾನು ಕಾಪಿ ಮಾಡುವುದಿಲ್ಲ. ಇಲ್ಲಿ ನೆಟ್ ನಡುವೆ ಕಟ್ ಆಗೋದು ಮಾಮೂಲಿ.

ಸೆಕ್ಯೂರ್ ಬೂಟ್ (ಗುರುತಿಲ್ಲದ ತಂತ್ರಾಂಶದಿಂದ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ) ಆನ್ ಇರುವ ಯಂತ್ರದಲ್ಲಿ ಮೊದಲ ಸಲ ನೀಲಿ ಪರದೆ ಬರುತ್ತದೆ. ಹೆದರಬೇಡಿ. 'ಎನ್‌ರೋಲ್ ಕೀ ಫ್ರಮ್ ಡಿಸ್ಕ್' ಒತ್ತಿ, ವೆಂಟಾಯ್‌ನ ಚಿಕ್ಕ ಪಾರ್ಟಿಷನ್ ಒಳಗಿರುವ ಕೀ ಫೈಲ್ ಆರಿಸಿ, ರೀಬೂಟ್ ಮಾಡಿ. ಆ ಯಂತ್ರಕ್ಕೆ ಮತ್ತೆ ಕೇಳುವುದಿಲ್ಲ.

ನನಗೆ ನಿಜವಾಗಿ ಸಮಯ ಉಳಿಸಿದ್ದು ವಿಂಡೋಸ್‌ನ ಉತ್ತರದ ಫೈಲ್. ಭಾಷೆ, ಕೀಬೋರ್ಡ್, ಟೈಮ್ ಝೋನ್, ಬಳಕೆದಾರರ ಹೆಸರು ಎಲ್ಲ ಒಂದು ಎಕ್ಸ್‌ಎಂಎಲ್ ಫೈಲ್‌ನಲ್ಲಿ ಮೊದಲೇ ಬರೆದಿಟ್ಟು, ವೆಂಟಾಯ್‌ನ ಆಟೋ ಇನ್‌ಸ್ಟಾಲ್ ಪ್ಲಗಿನ್‌ನಲ್ಲಿ ವಿಂಡೋಸ್ ಐಎಸ್‌ಒಗೆ ಜೋಡಿಸಿದ್ದೇನೆ. ಬೂಟ್ ಮಾಡುವಾಗ ಫೈಲ್ ಬೇಕೋ ಬೇಡವೋ ಅಂತ ಕೇಳುತ್ತದೆ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ, ನೋಟ್‌ಪ್ಯಾಡ್‌ನಲ್ಲಿ ತೆರೆದವರಿಗೆಲ್ಲ ಸಿಗುತ್ತದೆ.

ಡಿಸ್ಕ್ ಅಳಿಸುವ ಭಾಗವನ್ನು ಆ ಫೈಲ್‌ನಲ್ಲಿ ಬೇಕಂತಲೇ ಬರೆದಿಲ್ಲ. ಅದು ಇಲ್ಲದಿದ್ದರೆ ಸೆಟಪ್ ಅಲ್ಲಿ ನಿಂತು ಕೇಳುತ್ತದೆ. ಡಿ ಡ್ರೈವ್‌ನಲ್ಲಿ ಮಗಳ ಮದುವೆ ಫೋಟೋ ಇಟ್ಟುಕೊಂಡು ಬರುತ್ತಾರೆ ಜನ. ಆ ಒಂದು ಕ್ಲಿಕ್ ನನ್ನ ಕೈಯಲ್ಲೇ ಇರಲಿ.

"ಅಣ್ಣ, ಡಿಸ್ಕೇ ತೋರಿಸ್ತಿಲ್ಲ, ಎಸ್‌ಎಸ್‌ಡಿ ಹೋಗಿದೆ ಅನ್ಸುತ್ತೆ" ಅಂತ ಅಂಗಡಿಯ ಹುಡುಗ ಒಮ್ಮೆ ಕೂಗಿದ. ಏನೂ ಹೋಗಿರಲಿಲ್ಲ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ (ಎಸ್‌ಎಸ್‌ಡಿಯನ್ನು ನಿಭಾಯಿಸುವ ಇಂಟೆಲ್‌ನ ವ್ಯವಸ್ಥೆ) ಆನ್ ಇರುತ್ತದೆ, ಸೆಟಪ್‌ಗೆ ಆ ಡ್ರೈವರ್ ಇಲ್ಲದಿದ್ದರೆ ಪಟ್ಟಿ ಖಾಲಿ. ಅದಕ್ಕೆ ಬೇಕಾದ ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನು ಬಿಚ್ಚಿ ಅದೇ ಪೆನ್‌ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿದರೆ ಡಿಸ್ಕ್ ಬರುತ್ತದೆ. ಪಕ್ಕದ ಫೋಲ್ಡರ್‌ಗಳಲ್ಲಿ ವೈಫೈ ಡ್ರೈವರ್‌ಗಳು, ನುಡಿ ತಂತ್ರಾಂಶದ ಸೆಟಪ್. ಟೈಪಿಂಗ್ ಅಂಗಡಿಯವರಿಗೆ ನುಡಿ ಇಲ್ಲದ ಕಂಪ್ಯೂಟರ್ ಯಾಕೆ ಬೇಕು, ಅಲ್ವಾ?

ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಇಲ್ಲದ ಹಳೆಯ ಯಂತ್ರಕ್ಕೆ ವಿಂಡೋಸ್ 11 ಬಲವಂತವಾಗಿ ಹಾಕುವವರಿದ್ದಾರೆ, ನಾನು ಹಾಕುವುದಿಲ್ಲ. ಅಂಥವಕ್ಕೆ ಲಿನಕ್ಸ್ ಮಿಂಟ್ ಓಎಸ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇದೆ. ಅದನ್ನು ಮೊದಲು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ತೆರೆದು, ಗಿರಾಕಿಯ ಫೋಟೋಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳುತ್ತೇನೆ. ವಿಂಡೋಸ್ ಬೂಟೇ ಆಗದೆ ಬಂದ ಯಂತ್ರಕ್ಕೂ ಇದೇ ಮೊದಲ ಕೆಲಸ.