ಚೆಕ್ ಎಂಜಿನ್ ಲೈಟ್ ಹತ್ತಿದೆಯಾ? ಸೆನ್ಸರ್ ಕೊಳ್ಳುವ ಮೊದಲು ವೈರ್ ನೋಡಿ

ಹಳೇ ಕಾರಿನ ಮೀಟರ್ ಬೋರ್ಡಿನಲ್ಲಿ ಎಂಜಿನ್ ಗುರುತಿನ ಹಳದಿ ಲೈಟ್ ಹತ್ತಿದರೆ ಬಳ್ಳಾರಿಯಲ್ಲಿ ನಡೆಯುವುದು ಒಂದೇ ಕಥೆ. ಸ್ಕ್ಯಾನರ್ ಹಾಕುತ್ತಾರೆ, ಕೋಡ್ ಬರುತ್ತದೆ, ಕೋಡಿನಲ್ಲಿ ಯಾವ ಸೆನ್ಸರಿನ ಹೆಸರಿದೆಯೋ ಅದನ್ನೇ ಹೊಸದು ತಂದು ಕೂರಿಸುತ್ತಾರೆ. ವಾರ ಕಳೆಯುವುದರೊಳಗೆ ಲೈಟ್ ಮತ್ತೆ ಹಾಜರ್. ಯಾವ ಸರ್ಕ್ಯೂಟಿನಲ್ಲಿ ತಕರಾರಿದೆ ಅಂತ ಮಾತ್ರ ಕೋಡ್ ಹೇಳುತ್ತದೆ. ಕೆಟ್ಟಿರುವುದು ಸೆನ್ಸರೋ, ವೈರೋ, ಕನೆಕ್ಟರೋ ಎಂದು ಹುಡುಕುವುದು ನಮ್ಮ ಕೆಲಸ.

ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ಗಾಬರಿ ಬೇಡ, ಕೆಳಗಿನ ಕ್ರಮದಲ್ಲಿ ನೋಡುತ್ತಾ ಹೋಗಿ. ಮಿಣಮಿಣ ಅಂತಿದ್ದರೆ ಗಾಡಿ ಪಕ್ಕಕ್ಕೆ ಹಾಕಿ. ಎಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಸಾಲಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಅಂತ ಅರ್ಥ. ಅದು ದುಬಾರಿ ಸಾಮಾನು.

1. ಬ್ಯಾಟರಿ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು, ಓಡುವಾಗ 13.8ರಿಂದ 14.5 ಇರಬೇಕು. ನಮ್ಮ ಬಿಸಿಲಿಗೆ ಬ್ಯಾಟರಿ ಬೇಗ ಸೊರಗುತ್ತದೆ. ವೋಲ್ಟೇಜ್ ಬಿದ್ದರೆ ಸಂಬಂಧವೇ ಇಲ್ಲದ ಕೋಡ್‌ಗಳು ಬರುತ್ತವೆ. ಕೋಡ್ ಬರೆದಿಟ್ಟ ಮೇಲೆ ಟರ್ಮಿನಲ್ ಉಜ್ಜಿ, ಕಾರಿನ ಬಾಡಿಗೆ ಜೋಡಿಸಿದ ಅರ್ಥ್ ವೈರನ್ನು ಬಿಗಿ ಮಾಡಿ.

2. ಕೋಡ್ ಬರೆದಿಡಿ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಫೋನಿಗೆ ಜೋಡಿಸುವ ಬ್ಲೂಟೂತ್ ಸ್ಕ್ಯಾನರ್ ಸಾಕು. ಆದರೆ ತೀರಾ ಅಗ್ಗದ ನಕಲಿ ಸ್ಕ್ಯಾನರ್ ಬೇಡ, ಮಧ್ಯೆ ಮಧ್ಯೆ ಸಂಪರ್ಕ ಕಡಿದು ತಲೆ ಕೆಡಿಸುತ್ತವೆ. ಫ್ರೀಜ್ ಫ್ರೇಮ್ ಅಂತ ಒಂದು ಪುಟ ಇರುತ್ತದೆ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂ ಇತ್ತು ಎಲ್ಲ ಅಲ್ಲಿದೆ. ಅದರ ಫೋಟೊ ತೆಗೆಯಿರಿ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಬ್ಯಾಟರಿ ವೈರ್ ಬಿಚ್ಚಿ ಲೈಟ್ ಆರಿಸುವುದೂ ಅಷ್ಟೇ, ರಿಪೇರಿ ಅಲ್ಲ, ಸಾಕ್ಷಿ ನಾಶ.

3. ಏರ್ ಫಿಲ್ಟರ್. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಗೆ ಫಿಲ್ಟರ್ ಬದಲಿಸಲು ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಹಿಡಿಯಬೇಡಿ. ಗಣಿಯ ಕೆಂಪು ಧೂಳು ಅಷ್ಟು ದಿನ ಕಾಯುವುದಿಲ್ಲ.

4. ವೈರೋ, ಸೆನ್ಸರೋ? ಜಾಸ್ತಿ ಜನ ಎಡವುವುದು ಇಲ್ಲೇ. ಪಿ0118 ಎಂಬ ಕೋಡ್ ತೆಗೆದುಕೊಳ್ಳಿ. ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಟೆಂಪರೇಚರ್ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚಿದೆ ಎಂದು ಅದರ ಅರ್ಥ. ಫ್ಯಾನ್ ಸದಾ ತಿರುಗುತ್ತಿರುತ್ತದೆ, ಮೈಲೇಜ್ ಬೀಳುತ್ತದೆ, ಸ್ಟಾರ್ಟಿಂಗ್ ಸತಾಯಿಸುತ್ತದೆ.

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಸ್ಕ್ಯಾನರಿನಲ್ಲಿ ಲೈವ್ ಡೇಟಾ ನೋಡಿ. ಕೂಲೆಂಟ್ ಬಿಸಿ ಮತ್ತು ಒಳಗೆ ಬರುವ ಗಾಳಿಯ ಬಿಸಿ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 29 ಡಿಗ್ರಿ, ಇನ್ನೊಂದು ಮೈನಸ್ 40 ತೋರಿಸಿದರೆ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ. ಬಳ್ಳಾರಿಯಲ್ಲಿ ಮೈನಸ್ 40 ಎಲ್ಲಿಂದ ಬರಬೇಕು ಹೇಳಿ!

ಈಗ ಕೀ ಆಫ್ ಮಾಡಿ ಸೆನ್ಸರಿನ ಕನೆಕ್ಟರ್ ಬಿಚ್ಚಿ. ಪಿನ್ನಿನ ಮೇಲೆ ಹಸಿರು ಕಿಲುಬು ಇದೆಯಾ ನೋಡಿ. ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಅಷ್ಟಕ್ಕೇ ಸರಿಹೋಗಬಹುದು. ಇಲ್ಲದಿದ್ದರೆ ವೈರಿಂಗ್ ಕಡೆಯ ಎರಡು ತೂತಿಗೆ ತೆಳ್ಳನೆಯ ವೈರ್ ತುಂಡು ಸೇರಿಸಿ ಜೋಡಿಸಿ, ಕೀ ಆನ್ ಮಾಡಿ. ರೀಡಿಂಗ್ ಮೈನಸ್ 40ರಿಂದ ನೂರು ಡಿಗ್ರಿ ದಾಟಿ ಮೇಲಕ್ಕೆ ಹಾರಿದರೆ ವೈರೂ ಇಸಿಯುವೂ (ಎಂಜಿನ್ ನಡೆಸುವ ಕಂಪ್ಯೂಟರ್) ಸರಿಯಿವೆ, ಸೆನ್ಸರ್ ಕೆಟ್ಟಿದೆ. ಅಲ್ಲಾಡಲೇ ಇಲ್ಲವಾ? ಹೊಸ ಸೆನ್ಸರ್ ತಂದು ಪ್ರಯೋಜನವಿಲ್ಲ, ಬಹುತೇಕ ವೈರ್ ತುಂಡಾಗಿದೆ. ಹುಷಾರು, ಈ ಪರೀಕ್ಷೆ ಎರಡೇ ವೈರಿನ ಟೆಂಪರೇಚರ್ ಸೆನ್ಸರಿಗೆ ಮಾತ್ರ. ಮೂರು ವೈರ್ ಇರುವ ಕಡೆ ಹೀಗೆ ಮಾಡಿದರೆ 5 ವೋಲ್ಟ್ ಸಪ್ಲೈ ಶಾರ್ಟ್ ಆಗುತ್ತದೆ.

ತುಂಡಾದ ಜಾಗ ಹುಡುಕಲು ವೈರಿಂಗ್ ಗುಂಟ ಕೈಯಾಡಿಸಿ. ಸಿರುಗುಪ್ಪ, ಕಂಪ್ಲಿ ಕಡೆ ಭತ್ತದ ಗೋದಾಮಿನ ಪಕ್ಕ ನಿಲ್ಲುವ ಗಾಡಿಯಾದರೆ ಮೊದಲ ಅನುಮಾನ ಇಲಿ ಮೇಲೆ. ಕಡಿದ ಕಡೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ಎಳೆಯಿರಿ. ಬರೀ ಹೊಸೆದು ಟೇಪ್ ಸುತ್ತಿದರೆ ಎಂಜಿನ್ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಮ್ಯಾಪ್ ಸೆನ್ಸರ್ (ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವುದು) ಪರೀಕ್ಷೆ ಇನ್ನೂ ಸುಲಭ. ಎಂಜಿನ್ ಆಫ್, ಕೀ ಆನ್: ಬಳ್ಳಾರಿಯ ಎತ್ತರಕ್ಕೆ 95 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸಬೇಕು. ಬಿಸಿಯಾದ ಎಂಜಿನ್ ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡುವಾಗ 30ರಿಂದ 40. ಐಡಲಿನಲ್ಲೂ 55, 60 ಅಂತಿದ್ದರೆ ಸೆನ್ಸರ್ ಬದಲಿಸುವ ಮೊದಲು ಒಡೆದ ರಬ್ಬರ್ ಪೈಪಿನಿಂದ ಗಾಳಿ ಎಳೆಯುತ್ತಿದೆಯಾ ನೋಡಿ. ಕಿವಿಗೆ ಉದ್ದನೆ ಪೈಪಿನ ತುಂಡು ಹಿಡಿದು ತಿರುಗುವ ಬೆಲ್ಟಿನಿಂದ ದೂರವಿದ್ದು ಕೇಳಿದರೆ ಬುಸ್ ಅನ್ನುವ ಸದ್ದು ಸಿಗುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್, ಕಾರ್ಬ್ ಕ್ಲೀನರ್ ಚಿಮುಕಿಸಿ ಹುಡುಕುವವರಿದ್ದಾರೆ. ಬೆಂಕಿ ಜೊತೆ ಆಟ, ಬೇಡವೇ ಬೇಡ.

5. ಮಿಸ್ಸಿಂಗ್. ಪಿ0302, ಅಂದರೆ ಎರಡನೇ ಸಿಲಿಂಡರ್ ಮಿಸ್ ಹೊಡೆಯುವ ಕೋಡ್, ಬಂದರೆ ಅದರ ಕಾಯಿಲನ್ನು (ಪ್ಲಗ್ಗಿಗೆ ಕಿಡಿ ಕೊಡುವ ಭಾಗ) ಮೂರನೆಯದಕ್ಕೂ ಮೂರನೆಯದರ ಕಾಯಿಲನ್ನು ಎರಡನೆಯದಕ್ಕೂ ಹಾಕಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ.

6. ಕೊನೆಗೆ ಕೋಡ್ ಅಳಿಸಿ. ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್‌ಗಳು (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡದ್ದರ ಪಟ್ಟಿ) ‘ರೆಡಿ’ ಆಗುವವರೆಗೆ ಕೆಲವು ದಿನ ಊರಲ್ಲೂ ಹೈವೇಯಲ್ಲೂ ಓಡಿಸಿ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಇದೇ ಪುಟ ತೆರೆಯಿರಿ. ಲೈಟ್ ಆರಿದೆ, ಆದರೆ ಒಂದು ಮಾನಿಟರೂ ರೆಡಿ ಇಲ್ಲ ಅಂದರೆ ಈಗಷ್ಟೇ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಅಡ್ವಾನ್ಸ್ ಕೊಡುವ ಮೊದಲು ಯಾಕೆ ಅಂತ ಕೇಳಿ.